ಅಲುಗದ ಗೋಸುಂಬೆಗೆ ಏನಾಗಿದೆ?

ಶನಿವಾರ ರಾತ್ರಿ ಎಂಟು ಗಂಟೆ. ಊಟಕ್ಕೆ ತಟ್ಟೆ ಹಾಕಿದ್ದರು. ಅಷ್ಟರಲ್ಲಿ ಅಮೆರಿಕದ ಡಲ್ಲಾಸ್‌ನಿಂದ ಫೋನು ಬಂತು. ಅಲ್ಲಿ ನನ್ನ ಅಕ್ಕನ ಮಗಳ ಸಂಸಾರವಿದೆ. ಮಾತಾಡಿದ್ದು ಅವಳಲ್ಲ, ಅವಳ ಹನ್ನೊಂದು ವರ್ಷದ ಮಗಳು.

"ತಾತ, ಪಚ್ಚೆ ಅಲ್ಲಾಡ್ತಾನೇ ಇಲ್ಲ. ನಿನ್ನೆ ಸಂಜೆ ಎಲ್ಲಿ ಕೂತಿತ್ತೋ ಈಗಲೂ ಅಲ್ಲೇ ಇದೆ. ಸತ್ತುಹೋಗುತ್ತಾ?"

ಪಚ್ಚೆ ಎಂದರೆ ಆ ಹುಡುಗಿ ಸಾಕಿರುವ ಗೋಸುಂಬೆ. ನಾಯಿ ಬೇಕೆಂದು ಹಟ ಹಿಡಿದಿದ್ದಳು. ಅವರಿರುವ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕುವಂತಿಲ್ಲ. ಕೊನೆಗೆ ಹುಟ್ಟುಹಬ್ಬಕ್ಕೆ ಅಪ್ಪ ತಂದುಕೊಟ್ಟದ್ದು ಅಂಗೈಯಗಲದ ಈ ಪ್ರಾಣಿ. ದುಡ್ಡು ಕೊಟ್ಟು ಗೋಸುಂಬೆ ಕೊಂಡರಂತೆ ಎಂದು ಕೇಳಿ ನಮ್ಮಕ್ಕ ಹಣೆ ಚಚ್ಚಿಕೊಂಡಿದ್ದಳು. ಶಾಲೆಯಲ್ಲಿ ವಿಜ್ಞಾನ ಹೇಳುವವನೆಂಬ ಕಾರಣಕ್ಕೆ ಈ ಪ್ರಾಣಿಯ ವೈದ್ಯಕೀಯ ಸಲಹೆಗಾರನಾಗುವ ಯೋಗ ನನ್ನ ಪಾಲಿಗೆ ಬಂದಿತ್ತು.

"ಅಲ್ಲಾಡೋದು ಬಿಡು. ಕಣ್ಣು ನೋಡು. ಕಣ್ಣು ತಿರುಗ್ತಾ ಇದೆಯಾ?" ಎಂದೆ.

ಸ್ವಲ್ಪ ಹೊತ್ತು ಮೌನ. "ಹ್ಞೂಂ ತಾತ. ಒಂದು ನನ್ನ ನೋಡ್ತಾ ಇದೆ, ಇನ್ನೊಂದು ಕಿಟಕಿ ನೋಡ್ತಾ ಇದೆ."

ಅರ್ಧ ಚಿಂತೆ ಅಲ್ಲಿಗೆ ಕಳೆಯಿತು. ಗೋಸುಂಬೆಯ ಚಟುವಟಿಕೆ ಎಂಬುದು ಮೊದಲು ಇರುವುದು ಕಣ್ಣಿನಲ್ಲಿ, ಆಮೇಲೆ ಕಾಲಿನಲ್ಲಿ. ನಾಯಿ ಬಾಲ ಅಲ್ಲಾಡಿಸಿದರೆ ಖುಷಿ, ಮೂಲೆಯಲ್ಲಿ ಮುದುಡಿದರೆ ಕಾಯಿಲೆ ಎನ್ನುವ ಲೆಕ್ಕ ನಮಗೆಲ್ಲ ಗೊತ್ತು. ಅದೇ ಅಳತೆಗೋಲು ಹಿಡಿದು ಗೋಸುಂಬೆಯನ್ನು ಅಳೆಯಲು ಹೋದರೆ ಆರೋಗ್ಯವಂತ ಪ್ರಾಣಿ ರೋಗಿಯಂತೆಯೂ, ಸಾಯುತ್ತಿರುವ ಪ್ರಾಣಿ ಬಹಳ ಚೂಟಿಯಾಗಿರುವಂತೆಯೂ ಕಾಣುತ್ತದೆ. ಎರಡನೆಯ ತಪ್ಪನ್ನು ನಾನೇ ಮಾಡಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಸುಮ್ಮನಿರುವುದೇ ಕಸುಬು

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ. ಕಾಂಪೌಂಡ್ ಗೋಡೆಯ ಮೇಲೆ ಕುಳಿತು ತಲೆ ಕುಣಿಸುವ, ಒಮ್ಮೊಮ್ಮೆ ಕತ್ತು ಕೆಂಪಗಾಗುವ ಪ್ರಾಣಿಯನ್ನು ಹಲವರು ಗೋಸುಂಬೆ ಎನ್ನುತ್ತಾರೆ. ಅದು ಓತಿಕ್ಯಾತ. ನಿಜವಾದ ಗೋಸುಂಬೆಯ ಪಾದ ಇಕ್ಕಳದಂತೆ ಎರಡು ಭಾಗವಾಗಿ ಕೊಂಬೆಯನ್ನು ಹಿಡಿಯುತ್ತದೆ. ಬಾಲ ಸುರುಳಿ ಸುತ್ತುತ್ತದೆ. ಕಣ್ಣುಗುಡ್ಡೆಯನ್ನು ರೆಪ್ಪೆ ಶಂಕುವಿನಂತೆ ಮುಚ್ಚಿ, ತುದಿಯಲ್ಲಿ ಸಣ್ಣ ಕಿಂಡಿ ಮಾತ್ರ ಬಿಟ್ಟಿರುತ್ತದೆ. ಜಗತ್ತಿನಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಯ ಗೋಸುಂಬೆಗಳಿವೆ. ಹೆಚ್ಚುಕಡಿಮೆ ಅರ್ಧ ಮಡಗಾಸ್ಕರ್ ದ್ವೀಪ ಒಂದರಲ್ಲೇ ಇವೆ. ಭಾರತದಲ್ಲಿರುವುದು ಒಂದೇ ಜಾತಿ, ಕಮೀಲಿಯೋ ಝೆಯ್ಲಾನಿಕಸ್. ಡಲ್ಲಾಸಿನ ಪಚ್ಚೆಯ ಮೂಲ ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ. ತಲೆಯ ಮೇಲೆ ಕಿರೀಟದಂಥ ಏಣು ಇರುವ ಈ ಜಾತಿಗೆ ಅಲ್ಲಿ 'ವೇಲ್ಡ್ ಕಮೀಲಿಯನ್', ಅಂದರೆ ಮುಸುಕಿನ ಗೋಸುಂಬೆ ಎಂದು ಹೆಸರು. ಅಮೆರಿಕ, ಯೂರೋಪುಗಳಲ್ಲಿ ಇವುಗಳನ್ನು ಗೂಡಿನಲ್ಲೇ ಮರಿ ಮಾಡಿಸಿ ಮಾರುತ್ತಾರೆ.

ಯಾವ ಜಾತಿಯಾದರೂ ಇದು ಬೆನ್ನಟ್ಟಿ ಬೇಟೆಯಾಡುವ ಪ್ರಾಣಿಯಲ್ಲ, ಕಾದು ಕುಳಿತು ಹಿಡಿಯುವಂಥದು. ಓಡಿ ತಪ್ಪಿಸಿಕೊಳ್ಳುವ ಕಾಲೂ ಇದಕ್ಕಿಲ್ಲ. ಹದ್ದು, ಹಾವುಗಳ ಕಣ್ಣಿಗೆ ಎಲೆಯಾಗಿ ಕಂಡರೆ ಬದುಕು, ಗೋಸುಂಬೆಯಾಗಿ ಕಂಡರೆ ಸಾವು. ಹೆಜ್ಜೆ ಇಡುವಾಗಲೂ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತೂಗಾಡುತ್ತ, ಗಾಳಿಗೆ ಅಲುಗುವ ಎಲೆಯಂತೆಯೇ ಸಾಗುತ್ತದೆ. ಮೊದಲ ಸಲ ನೋಡಿದವರು ಇದಕ್ಕೆ ನರದೌರ್ಬಲ್ಯ ಎಂದುಕೊಳ್ಳುತ್ತಾರೆ! ಹಾಗೆ ತೂಗುವುದು ಅದರ ಸಹಜ ನಡಿಗೆ.

ಗಂಟೆಗಟ್ಟಲೆ ಕುಳಿತಲ್ಲೇ ಇರುವ ಈ ಸೋಮಾರಿಯ ಬಾಯೊಳಗೆ ಜೀವಲೋಕದ ಅತಿ ವೇಗದ ಯಂತ್ರಗಳಲ್ಲಿ ಒಂದಿದೆ. ಎರಡೂ ಕಣ್ಣು ಮುಂದಕ್ಕೆ ತಿರುಗಿ ಒಂದೇ ಹುಳುವಿನ ಮೇಲೆ ನಿಂತವೆಂದರೆ ನಾಲಗೆ ಹೊರಡುತ್ತದೆ ಎಂದೇ ಅರ್ಥ. 2016ರಲ್ಲಿ ಕ್ರಿಸ್ಟೋಫರ್ ಆಂಡರ್ಸನ್ ಎಂಬ ಅಮೆರಿಕದ ವಿಜ್ಞಾನಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಆಫ್ರಿಕದ ಒಂದು ಪುಟ್ಟ ಗೋಸುಂಬೆಯ ನಾಲಗೆಯ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ 264 ಪಟ್ಟು. ಬಿಲ್ಲಿನ ಹೆದೆ ಎಳೆದು ಬಿಟ್ಟ ಹಾಗೆ, ಸ್ನಾಯು ಮೊದಲೇ ಎಳೆದಿಟ್ಟ ಸ್ಥಿತಿಸ್ಥಾಪಕ ಅಂಗಾಂಶದಿಂದ ಈ ಶಕ್ತಿ ಬರುತ್ತದೆ. ಆದ್ದರಿಂದಲೇ ಚಳಿಯಲ್ಲಿ ಮೈ ಮಂದವಾದರೂ ನಾಲಗೆಯ ಏಟು ಅಷ್ಟಾಗಿ ಮಂದವಾಗುವುದಿಲ್ಲ. ಹೊರಗೆ ಹೋದ ನಾಲಗೆಯನ್ನು ಒಳಗೆಳೆಯುವುದು ಮಾತ್ರ ಸ್ನಾಯುವಿನ ಕೆಲಸ. ಅದು ಚಳಿಗೆ ಚೆನ್ನಾಗಿ ನಿಧಾನವಾಗುತ್ತದೆ. ಇದನ್ನು ಆಂಡರ್ಸನ್ ಮತ್ತು ಡೆಬನ್ 2010ರಲ್ಲಿ ಇದೇ ಮುಸುಕಿನ ಗೋಸುಂಬೆಯ ಮೇಲೆ ಪ್ರಯೋಗ ಮಾಡಿ ತೋರಿಸಿದರು.

ದಿನಚರಿಯ ಲೆಕ್ಕ

ಡಲ್ಲಾಸಿನ ಫೋನಿಗೆ ಹಿಂತಿರುಗೋಣ. ಕಣ್ಣು ಸರಿಯಾಗಿದೆ. ನಿನ್ನೆ ಸಂಜೆಯಿಂದ ಅಲ್ಲೇ ಇರುವುದೂ ಸಹಜವೇ. ಕತ್ತಲಾಯಿತೆಂದರೆ ಗೋಸುಂಬೆ ಕಣ್ಣು ಮುಚ್ಚಿ, ಬಣ್ಣ ತಿಳಿಯಾಗಿ ಮಲಗುತ್ತದೆ, ಬೆಳಗಾಗುವವರೆಗೂ ಜಾಗ ಬಿಡುವುದಿಲ್ಲ. ಆದರೆ ಅಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆ. ಅಷ್ಟು ಹೊತ್ತಿಗೆ ಎದ್ದು ಮೈ ಕಾಯಿಸಿ ಹುಳು ಹುಡುಕಬೇಕಿತ್ತು.

"ಬಣ್ಣ ಹೇಗಿದೆ?"

"ಕಪ್ಪುಕಪ್ಪಗಿದೆ. ಮೈ ಚಪ್ಪಟೆ ಮಾಡ್ಕೊಂಡು ಕಿಟಕಿ ಕಡೆ ಪಕ್ಕೆ ತೋರಿಸ್ತಾ ಇದೆ."

ಉತ್ತರ ಸಿಕ್ಕಿತು. ಗೋಸುಂಬೆ ಶೀತರಕ್ತ ಪ್ರಾಣಿ. ಮೈ ಬಿಸಿಯನ್ನು ಹೊರಗಿನಿಂದ ಸಾಲ ಪಡೆಯಬೇಕು. ಬೆಳಗಿನ ಬಿಸಿಲಿಗೆ ಪಕ್ಕೆ ಚಪ್ಪಟೆ ಮಾಡಿ ಅಡ್ಡ ನಿಲ್ಲುತ್ತದೆ, ಬಣ್ಣ ಗಾಢ ಮಾಡಿಕೊಳ್ಳುತ್ತದೆ. ಕಪ್ಪು ಬಣ್ಣ ಶಾಖವನ್ನು ಹೆಚ್ಚು ಹೀರುತ್ತದೆ ಎಂದು ನಾವು ಪಾಠ ಮಾಡುವುದನ್ನು ಅದು ಪುಸ್ತಕವಿಲ್ಲದೆ ಬಲ್ಲದು. ಮೈ ಕಾದ ಮೇಲೆ ಬಣ್ಣ ತಿಳಿಯಾಗುತ್ತದೆ, ಕಾಲು ಏಳುತ್ತದೆ. "ಗೂಡಿನ ಮೇಲಿರೋ ಬಿಸಿ ದೀಪ ಉರೀತಿದೆಯಾ?" ಎಂದು ಕೇಳಿದೆ. ನೋಡಿದರೆ ಬಲ್ಬು ಸುಟ್ಟುಹೋಗಿತ್ತು. ಏರ್ ಕಂಡೀಷನ್ ಮಾಡಿದ ತಣ್ಣನೆ ಮನೆಯಲ್ಲಿ ಪಾಪದ ಪ್ರಾಣಿ ಕಿಟಕಿಯ ಬೆಳಕಿಗೇ ಮೈ ಒಡ್ಡಿ ಕುಳಿತಿತ್ತು. ಬಲ್ಬು ಬದಲಿಸಿ, ದೀಪದ ಕೆಳಗಿನ ಕೊಂಬೆಯಲ್ಲಿ 30 ಡಿಗ್ರಿ ಸೆಲ್ಷಿಯಸ್ ಆಸುಪಾಸು ಬರುವಂತೆ ನೋಡಿಕೊಂಡರು. ಒಂದು ಗಂಟೆಯೊಳಗೆ ಪಚ್ಚೆ ಹಸಿರಾಗಿ ಒಂದು ಹುಳು ತಿಂದಿತು.

ಅಂದರೆ ಗೋಸುಂಬೆ ಅಲುಗುತ್ತಿದೆಯೇ ಎಂದು ಕೇಳುವುದಕ್ಕಿಂತ ಯಾವ ಹೊತ್ತಿನಲ್ಲಿ, ಎಷ್ಟು ಬಿಸಿಯಲ್ಲಿ, ಎಲ್ಲಿ ಕುಳಿತಿದೆ ಎಂದು ಕೇಳಬೇಕು. ಬೆಳಿಗ್ಗೆ ಕಾಯುವುದು, ಆಮೇಲೆ ಸ್ವಲ್ಪ ತಿರುಗಾಟ, ಮಧ್ಯಾಹ್ನ ಎಲೆಗಳ ಮರೆಯಲ್ಲಿ ಗಂಟೆಗಟ್ಟಲೆ ಸ್ತಬ್ಧ, ಸಂಜೆ ಮಲಗುವ ಕೊಂಬೆಗೆ ವಾಪಸು. ಇದು ಸಾಮಾನ್ಯ ದಿನ. ಎರಡು ವಾರ ಬರೆದಿಟ್ಟರೆ ಒಂದೊಂದು ಪ್ರಾಣಿಯ ಚಾಳಿ ತಿಳಿಯುತ್ತದೆ. ಹುಡುಗಿಗೆ ಒಂದು ನೋಟುಬುಕ್ಕು ಇಡಲು ಹೇಳಿದೆ. ಮೇಷ್ಟ್ರ ಬುದ್ಧಿ, ಎಲ್ಲಿಗೆ ಹೋಗುತ್ತದೆ!

ನಿಜವಾಗಿ ಹೆದರಬೇಕಾದದ್ದು ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿ ಕುಳಿತಾಗ. ಬಿಸಿಲಿದ್ದೂ, ದೀಪವಿದ್ದೂ ಗೋಸುಂಬೆ ತೂಕಡಿಸುವುದಿಲ್ಲ. ಕಣ್ಣು ಗುಳಿಬಿದ್ದರೆ ನೀರು ಸಾಲದು ಎಂದರ್ಥ. ತಟ್ಟೆಯಲ್ಲಿ ಇಟ್ಟ ನೀರನ್ನು ಇದು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಎಲೆಯ ಮೇಲಿನ ಹನಿಯನ್ನು ನೆಕ್ಕುವ ಪ್ರಾಣಿ ಇದು, ದಿನಾ ಎಲೆಗಳಿಗೆ ನೀರು ಚಿಮುಕಿಸಬೇಕು. ಕೊಂಬೆಯ ಮೇಲಿನ ಹಿಡಿತ ಸಡಿಲವಾದರೆ, ಕಾಲು ಸೊಟ್ಟಗಾದರೆ, ನಾಲಗೆ ಪದೇ ಪದೇ ಗುರಿ ತಪ್ಪಿದರೆ ಸುಣ್ಣದ ಕೊರತೆ ಇರಬಹುದು. ಇದು ನಮ್ಮ ಮಕ್ಕಳಿಗೆ ಬರುವ ರಿಕೆಟ್ಸ್ ಇದ್ದ ಹಾಗೆ. ಸುಣ್ಣ ಮೂಳೆಗೆ ಹಿಡಿಯಲು ಡಿ ವಿಟಮಿನ್ ಬೇಕು, ಅದಕ್ಕೆ ನೇರಳಾತೀತ ಕಿರಣ ಬೇಕು. ಮನೆಯೊಳಗೆ ಸಾಕುವವರು ಇದಕ್ಕೆಂದೇ ಬೇರೆ ದೀಪ ಹಾಕುತ್ತಾರೆ. ಆ ದೀಪ ನೋಡಲು ಫಳಫಳ ಉರಿಯುತ್ತಲೇ ಇರುತ್ತದೆ, ಆದರೆ ಆರು ತಿಂಗಳೋ ವರ್ಷವೋ ಕಳೆದ ಮೇಲೆ ಅದರಿಂದ ಬರುವ ನೇರಳಾತೀತ ಕಿರಣ ಕುಗ್ಗಿರುತ್ತದೆ. ಆ ಕಿರಣ ಕಣ್ಣಿಗೆ ಕಾಣದ್ದರಿಂದ ಮೋಸ ಗೊತ್ತೇ ಆಗುವುದಿಲ್ಲ.

"ಈಗ ತುಂಬಾ ಚೂಟಿ"

ಮೂರು ವಾರ ಕಳೆದು ಮತ್ತೆ ಫೋನು. ಈ ಸಲ ಹುಡುಗಿಯ ದನಿಯಲ್ಲಿ ಉತ್ಸಾಹ. "ತಾತ, ಪಚ್ಚೆ ಈಗ ತುಂಬಾ ಚೂಟಿ! ನಿನ್ನೆಯಿಂದ ಗೂಡಿನ ತುಂಬಾ ಓಡಾಡ್ತಿದೆ. ಕೆಳಗಿಳಿದು ಮೂಲೆ ಮೂಲೆ ಕೆರೀತಿದೆ. ಊಟ ಮಾತ್ರ ಬಿಟ್ಟಿದೆ."

ನನಗೆ ಎದೆ ಧಸಕ್ಕೆಂದಿತು.

1997ರ ಅಕ್ಟೋಬರ್. ನಾನು ಆಗ ಬಯಲುಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೇ ತರಗತಿಯ ಹುಡುಗರು ಒಂದು ಬೆಳಿಗ್ಗೆ ಕೋಲಿನ ತುದಿಗೆ ಗೋಸುಂಬೆಯೊಂದನ್ನು ಅಂಟಿಸಿಕೊಂಡು ಬಂದರು. ರಸ್ತೆ ದಾಟುತ್ತಿತ್ತಂತೆ. ಊರ ಜನ ವಿಷದ ಪ್ರಾಣಿ ಎಂದು ಕಲ್ಲು ಎತ್ತಿಕೊಂಡಿದ್ದರಂತೆ. ಇದಕ್ಕೆ ವಿಷವಿಲ್ಲ ಎಂದು ತೋರಿಸಲು ನಾನೇ ಕೈ ಮೇಲೆ ಬಿಟ್ಟುಕೊಂಡೆ. ಅಲ್ಲಿಗೆ ನಿಲ್ಲಿಸಿ ಬೇಲಿಗೆ ಬಿಟ್ಟು ಬರಬೇಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಗೋಸುಂಬೆಯನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಅದು ನನಗೆ ಆಗ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿತ್ತು. ನಾಲ್ಕು ದಿನ ಮಕ್ಕಳು ನೋಡಲಿ ಎಂದು ಜಾಲರಿ ಹೊಡೆದ ಮರದ ಪೆಟ್ಟಿಗೆಯಲ್ಲಿ ಕೊಂಬೆ ಇಟ್ಟು ಬಿಟ್ಟೆವು.

ಎರಡು ದಿನ ಅದು ಪೆಟ್ಟಿಗೆಯೊಳಗೆ ಸುತ್ತಿದ್ದೇ ಸುತ್ತಿದ್ದು. ಹಲಗೆ ಕೆರೆಯುವುದು, ಮೂಲೆಗೆ ಹೋಗುವುದು, ಮತ್ತೆ ಕೆರೆಯುವುದು. "ಗೋಸುಂಬೆ ನಿಧಾನ ಅಂತಾರೆ, ನೋಡಿ ಎಷ್ಟು ಚುರುಕಾಗಿದೆ" ಎಂದು ನಾನು ತರಗತಿಗೆ ಹೇಳಿದ್ದೂ ನೆನಪಿದೆ. ಹೊಟ್ಟೆ ದಪ್ಪಗಿತ್ತು. ಚೆನ್ನಾಗಿ ತಿಂದಿದೆ ಎಂದುಕೊಂಡೆವು. ಮೂರನೆಯ ದಿನ ಮೂಲೆಯಲ್ಲಿ ಕಣ್ಣು ಮುಚ್ಚಿ ಕುಳಿತಿತ್ತು. ನಾಲ್ಕನೆಯ ದಿನ ಸತ್ತಿತ್ತು. ಹೂಳುವ ಮೊದಲು ಕೊಯ್ದು ನೋಡಿದೆ. ಹೊಟ್ಟೆ ತುಂಬ ಮೊಟ್ಟೆ! ಹದವಾದ ಮಣ್ಣು ಹುಡುಕಿಕೊಂಡು ಮರದಿಂದಿಳಿದು ರಸ್ತೆ ದಾಟುತ್ತಿದ್ದ ಬಸುರಿಯನ್ನು ನಾವು ಹಲಗೆಯ ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದೆವು. ಮಣ್ಣು ಸಿಗದೆ ಮೊಟ್ಟೆ ಒಳಗೇ ಕಟ್ಟಿಕೊಂಡು ಸತ್ತಿತು. ಆ ತರಗತಿಯ ಹುಡುಗರಿಗೆ ಈ ಸಂಗತಿ ಹೇಳುವ ಧೈರ್ಯ ನನಗೆ ಅಂದು ಬರಲಿಲ್ಲ.

"ಹಿಂಗಾಲಿನ ಹಿಮ್ಮಡಿ ನೋಡು. ಸಣ್ಣ ಮುಳ್ಳಿನ ಥರ ಉಬ್ಬು ಇದೆಯಾ?" ಎಂದೆ. ಈ ಜಾತಿಯ ಗಂಡಿಗೆ ಹುಟ್ಟಿದಂದಿನಿಂದಲೇ ಅದಿರುತ್ತದೆ. "ಇಲ್ಲ ತಾತ." "ಮೈ ಬಣ್ಣ?" "ಕಪ್ಪು ಹಸಿರು, ಮಧ್ಯೆ ನೀಲಿ ಹಳದಿ ಚುಕ್ಕೆ."

ಅನುಮಾನವೇ ಉಳಿಯಲಿಲ್ಲ. ಫೋನನ್ನು ಅವಳ ಅಮ್ಮನಿಗೆ ಕೊಡಿಸಿದೆ. "ಆದರೆ ಗಂಡೇ ಇಲ್ಲವಲ್ಲ ಮಾವ?" ಎಂದು ಅವಳಿಗೆ ಆಶ್ಚರ್ಯ. ಫಾರಂ ಕೋಳಿ ಹುಂಜವಿಲ್ಲದೆ ಮೊಟ್ಟೆ ಇಡುವುದಿಲ್ಲವೇ, ಹಾಗೆಯೇ ಇದೂ. ಒಂದಡಿ ಆಳದ ಡಬ್ಬಿಗೆ ತೊಳೆದ ಮರಳು ತುಂಬಿ, ಬೆರಳಲ್ಲಿ ತೂತು ಕೊರೆದರೆ ಕುಸಿಯದಷ್ಟು ಒದ್ದೆ ಮಾಡಿ ಗೂಡಿನೊಳಗೆ ಇಡಬೇಕು. ಗೂಡಿಗೆ ಬಟ್ಟೆ ಮುಚ್ಚಬೇಕು. ಅಗೆಯುವಾಗ ಯಾರಾದರೂ ಇಣುಕಿದರೆ ಅದು ಗುಂಡಿಯನ್ನು ಅಲ್ಲೇ ಬಿಟ್ಟುಬಿಡುತ್ತದೆ. ಸರೀಸೃಪಗಳನ್ನು ಬಲ್ಲ ಪಶುವೈದ್ಯರ ನಂಬರು ಹುಡುಕಿಟ್ಟುಕೊಳ್ಳಿ, ತಳದಲ್ಲಿ ಕಣ್ಣು ಮುಚ್ಚಿ ಕುಳಿತರೆ ಒಂದು ಗಂಟೆಯೂ ತಡಮಾಡಬೇಡಿ ಎಂದೂ ಹೇಳಿದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಎಲ್ಲ ಓಡಾಟವೂ ಮೊಟ್ಟೆಯದೇ ಅಲ್ಲ. ಪೊರೆ ಬಿಡುವಾಗ ಮೈ ಉಜ್ಜುತ್ತ ಚಡಪಡಿಸುತ್ತದೆ. ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಂಡರೂ ಶತ್ರು ಬಂದನೆಂದು ಕಂಗಾಲಾಗುತ್ತದೆ. ಇದು ಒಂಟಿಜೀವಿ. ಜೊತೆಗಿರಲಿ ಎಂದು ಇನ್ನೊಂದನ್ನು ತಂದು ಬಿಡುವುದು ಉಪಕಾರವಲ್ಲ. ಆದರೆ ಹೆಣ್ಣು ಗೋಸುಂಬೆ ಊಟ ಬಿಟ್ಟು ತಳದಲ್ಲಿ ಸುತ್ತಿ ಕೆರೆಯತೊಡಗಿದರೆ ಮೊದಲು ಮರಳು ತರಬೇಕು, ಕಾರಣದ ವಿಚಾರ ಆಮೇಲೆ.

ಭಾನುವಾರ ಕಳೆಯಿತು. ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದಾಗ ಸುದ್ದಿ ಬಂತು. ಪಚ್ಚೆ ಒಂದು ದಿನವೆಲ್ಲ ಅಗೆದು, ಮೊಟ್ಟೆ ಇಟ್ಟು, ಗುಂಡಿ ಮುಚ್ಚಿ ಮೇಲೆ ಹತ್ತಿತ್ತು. ಮರಳು ಕೆದಕಿ ಎಣಿಸಿದರೆ ಮೂವತ್ತನಾಲ್ಕು. ಮರಿ ಯಾವಾಗ ಬರುತ್ತದೆ ಎಂದು ಹುಡುಗಿ ಕೇಳಿದಳು. ಬರುವುದಿಲ್ಲ ಎಂದು ಅರ್ಥಮಾಡಿಸಲು ಹತ್ತು ನಿಮಿಷ ಹಿಡಿಯಿತು. ತುಂಬಾ ತಿನ್ನಿಸಿ ತುಂಬಾ ಬಿಸಿ ಕೊಟ್ಟರೆ ಮೊಟ್ಟೆ ಹೆಚ್ಚಾಗುತ್ತದೆ, ಪ್ರಾಣಿ ಬೇಗ ಸವೆಯುತ್ತದೆ. ಸುಸ್ತು ಕಳೆದು ಚೇತರಿಸಿಕೊಂಡ ಮೇಲೆ ಊಟ ಸ್ವಲ್ಪ ಕಡಿಮೆ ಮಾಡಿ ಎಂದು ಅವಳ ಅಮ್ಮನಿಗೆ ಹೇಳಿದೆ.

ಮಾರನೆಯ ದಿನ ರಾತ್ರಿ ಮತ್ತೆ ಫೋನು.

"ತಾತ, ನೀರು ಕುಡೀತು. ಎರಡು ಹುಳು ತಿಂತು. ಈಗ ದೀಪದ ಕೆಳಗೆ ಕೂತಿದೆ, ಅಲ್ಲಾಡ್ತಾನೇ ಇಲ್ಲ. ನೀನು ಕೇಳ್ತೀಯ ಅಂತ ಆಗಲೇ ನೋಡಿದೀನಿ. ಒಂದು ಕಣ್ಣು ನನ್ನ ಮೇಲಿದೆ, ಇನ್ನೊಂದು ಹುಳುವಿನ ಡಬ್ಬಿ ಮೇಲಿದೆ."