ಮರಣ ದಾಖಲೆ ಎಷ್ಟನ್ನು ಹೇಳುತ್ತದೆ? ವಂಶದ ಇತಿಹಾಸ ಹುಡುಕುವವರ ತಪ್ಪು ಕಲ್ಪನೆಗಳು

ಮರಣ ಪ್ರಮಾಣಪತ್ರದ ಮೇಲೆ ಸರ್ಕಾರದ ಮೊಹರು ಇರುವುದರಿಂದ ಅದರಲ್ಲಿರುವ ಪ್ರತಿಯೊಂದು ವಿವರವೂ ಒಂದೇ ಸಮನಾಗಿ ಖಚಿತವೆಂಬ ನಂಬಿಕೆ, ವಂಶದ ಇತಿಹಾಸವನ್ನು ಕಟ್ಟಲು ಹೊರಟವರಲ್ಲಿ ಬಹಳ ವ್ಯಾಪಕವಾಗಿದೆ. ಮೊಹರು ದೃಢಪಡಿಸುವುದು ನೋಂದಣಿಯನ್ನು ಮಾತ್ರ. ನೋಂದಣಿಯಾದದ್ದಾದರೋ ಮಾಹಿತಿದಾರನ ಹೇಳಿಕೆ. 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದ ಪ್ರಕಾರ ಮನೆಯಲ್ಲಿ ಸಂಭವಿಸಿದ ಸಾವನ್ನು ಮನೆಯ ಯಜಮಾನನೋ ಹತ್ತಿರದ ಬಂಧುವೋ, ಆಸ್ಪತ್ರೆಯಲ್ಲಿ ಸಂಭವಿಸಿದ ಸಾವನ್ನು ಅಲ್ಲಿನ ಮುಖ್ಯಸ್ಥರೋ ವರದಿ ಮಾಡಬೇಕು. ವರದಿ ಮಾಡುವವರಿಗೆ ಸಾವಿನ ದಿನ ಸಾಮಾನ್ಯವಾಗಿ ನೇರವಾಗಿ ತಿಳಿದಿರುತ್ತದೆ. ಮೃತರ ವಯಸ್ಸು, ಅವರ ತಂದೆಯ ಹೆಸರು, ಹುಟ್ಟಿದ ಊರು ಮುಂತಾದವು ಹಿರಿಯರಿಂದ ಕೇಳಿದ ಮಾತಾಗಿರುತ್ತವೆ. ಹಳೆಯ ನಮೂದುಗಳಲ್ಲಿ ವಯಸ್ಸು 60, 65, 70 ಎಂಬ ದುಂಡು ಸಂಖ್ಯೆಗಳಲ್ಲಿ ಪದೇ ಪದೇ ಕಾಣುವುದಕ್ಕೆ ಇದೇ ಕಾರಣವಾಗಿದ್ದು, ಸಾವಿನ ವರ್ಷದಿಂದ ಆ ವಯಸ್ಸನ್ನು ಕಳೆದು ಜನನ ವರ್ಷವನ್ನು ಲೆಕ್ಕಹಾಕುವವರು ಊಹೆಯ ಮೇಲೆ ಮತ್ತೊಂದು ಊಹೆಯನ್ನು ಹೇರಿದಂತಾಗುತ್ತದೆ.

ಸಾವಿನ ಕಾರಣ ಪ್ರಮಾಣಪತ್ರದಲ್ಲಿ ಸಿಗುತ್ತದೆಂಬ ನಿರೀಕ್ಷೆಯೂ ಹುಸಿಯಾಗುತ್ತದೆ. ರಿಜಿಸ್ಟರಿನಲ್ಲಿ ಕಾರಣವು ನಮೂದಾಗಿದ್ದರೂ ಯಾರಿಗೇ ಕೊಡುವ ಪ್ರತಿಯಲ್ಲಿಯೂ ಅದನ್ನು ತಿಳಿಸಕೂಡದೆಂದು ಅಧಿನಿಯಮದ 17ನೆಯ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ.

ಇದಕ್ಕಿಂತ ಹೆಚ್ಚು ಶ್ರಮವನ್ನು ವ್ಯರ್ಥಮಾಡುವ ತಪ್ಪು ಕಲ್ಪನೆಯೆಂದರೆ ಸಾವು ಸ್ವಂತ ಊರಿನಲ್ಲಿಯೇ ದಾಖಲಾಗಿರುತ್ತದೆ ಎಂಬುದು. ನೋಂದಣಿ ನಡೆಯುವುದು ಸಾವು ಸಂಭವಿಸಿದ ಸ್ಥಳದಲ್ಲಿ. ಶಿರಸಿಯ ಕೃಷಿಕರೊಬ್ಬರು ಚಿಕಿತ್ಸೆಗೆಂದು ಹೋಗಿ ಹುಬ್ಬಳ್ಳಿಯಲ್ಲಿ ತೀರಿಕೊಂಡಿದ್ದರೆ, ಅಂತ್ಯಕ್ರಿಯೆ ಊರಿನಲ್ಲಿಯೇ ನಡೆದಿದ್ದರೂ, ನಮೂದು ಹುಬ್ಬಳ್ಳಿಯ ರಿಜಿಸ್ಟರಿನಲ್ಲಿರುತ್ತದೆ. 1956ಕ್ಕೂ ಹಿಂದಿನ ದಾಖಲೆಗಳನ್ನು ಹುಡುಕುವವರು ಇನ್ನೂ ಒಂದು ಸಂಗತಿಯನ್ನು ನೆನಪಿಡಬೇಕು: ಇಂದಿನ ಕರ್ನಾಟಕದ ಭಾಗಗಳು ಅಂದು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಬೇರೆ ಬೇರೆ ಆಡಳಿತಗಳಲ್ಲಿ ಇದ್ದುದರಿಂದ ಕಡತದ ಭಾಷೆ, ನಮೂನೆ, ಸಂಗ್ರಹದ ಸ್ಥಳ ಎಲ್ಲವೂ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತವೆ.

ಕಂದಾಯ ದಾಖಲೆಗಳ ವಿಷಯದಲ್ಲಿ ತಪ್ಪು ಇನ್ನೂ ಆಳವಾಗಿದೆ. ಪೌತಿ ಖಾತೆ, ಅಂದರೆ ಭೂಮಾಲೀಕ ಮೃತನಾದ ಮೇಲೆ ಜಮೀನು ವಾರಸುದಾರರ ಹೆಸರಿಗೆ ವರ್ಗವಾಗುವ ಪ್ರಕ್ರಿಯೆ, ಸಾವಿನ ಹಿಂದೆಯೇ ನಡೆದಿರುತ್ತದೆಂದು ಭಾವಿಸಿ ಮ್ಯುಟೇಶನ್ ಆದೇಶದ ವರ್ಷವನ್ನೇ ಮರಣದ ವರ್ಷವೆಂದು ಬರೆದುಕೊಳ್ಳುವವರಿದ್ದಾರೆ. ಅಜ್ಜ ತೀರಿಹೋಗಿ ಎಷ್ಟೋ ದಶಕಗಳಾದರೂ ಪಹಣಿಯಲ್ಲಿ ಅವರ ಹೆಸರೇ ಉಳಿದಿರುವುದು ಹಳ್ಳಿಗಳಲ್ಲಿ ಅಪರೂಪವಲ್ಲ. ಇಂಥ ಖಾತೆಗಳನ್ನು ಇತ್ಯರ್ಥಪಡಿಸಲೆಂದೇ ಕಂದಾಯ ಇಲಾಖೆ ಪೌತಿ ಖಾತೆ ಆಂದೋಲನಗಳನ್ನು ನಡೆಸಬೇಕಾಯಿತು. ಆದುದರಿಂದ ಮ್ಯುಟೇಶನ್ನಿನ ತಾರೀಖು, ಸಾವು ಅದಕ್ಕಿಂತ ಮೊದಲು ಸಂಭವಿಸಿತ್ತು ಎಂಬುದನ್ನು ಮಾತ್ರ ತಿಳಿಸುತ್ತದೆ.

ಆ ಕಡತಗಳಲ್ಲಿರುವ ವಾರಸುದಾರರ ಪಟ್ಟಿಯೇ ಪೂರ್ಣ ವಂಶವೃಕ್ಷವೆಂಬ ನಂಬಿಕೆ ಹೆಣ್ಣುಮಕ್ಕಳಿಗೆ ದೊಡ್ಡ ಅನ್ಯಾಯ ಮಾಡುತ್ತದೆ. ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಪಾಲು ದೊರೆತದ್ದು ಷರತ್ತುಗಳೊಡನೆ 1994ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಿಂದ, ಅನಂತರ 2005ರ ಕೇಂದ್ರ ತಿದ್ದುಪಡಿಯಿಂದ. ಅದಕ್ಕೂ ಮೊದಲಿನ ಎಷ್ಟೋ ಪಟ್ಟಿಗಳಲ್ಲಿ ಮಕ್ಕಳೆಂದರೆ ಗಂಡುಮಕ್ಕಳು ಮಾತ್ರ. ತುಳುನಾಡಿನ ಅಳಿಯಸಂತಾನ ಕುಟುಂಬಗಳಲ್ಲಿ, ಅಂದರೆ ಹಕ್ಕು ತಾಯಿಯ ಕಡೆಯಿಂದ ಹರಿದುಬರುವ ಪದ್ಧತಿಯಲ್ಲಿ, ಮೃತನ ಉತ್ತರಾಧಿಕಾರಿಯಾಗಿ ಸೋದರಳಿಯನ ಹೆಸರಿರುತ್ತಿತ್ತು. ಅವನನ್ನು ಮಗನೆಂದು ಓದಿಕೊಂಡರೆ ಇಡೀ ತಲೆಮಾರೇ ತಪ್ಪು ಕೊಂಬೆಗೆ ಸೇರುತ್ತದೆ. ಜಮೀನೇ ಇಲ್ಲದಿದ್ದ ಕುಟುಂಬಗಳ ಹೆಸರಂತೂ ಈ ಕಡತಗಳೊಳಗೆ ಬರಲೇ ಇಲ್ಲ ಎಂಬುದು ಸಂಶೋಧಕರನ್ನು ಕಾಡಬೇಕಾದ ಸತ್ಯ.

ಪತ್ರಿಕೆಯ ನಿಧನ ವಾರ್ತೆಯಲ್ಲಿ ಕುಟುಂಬದ ಎಲ್ಲರೂ ಇರುತ್ತಾರೆಂಬುದೂ ಸರಿಯಲ್ಲ. ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿಯನ್ನು ಅಗಲಿದ್ದಾರೆ ಎಂಬ ರೂಢಿಯ ವಾಕ್ಯ ಆ ಹೊತ್ತಿಗೆ ಬದುಕಿದ್ದವರನ್ನಷ್ಟೇ ಎಣಿಸುತ್ತದೆಯೇ ಹೊರತು ತಂದೆಗಿಂತ ಮೊದಲೇ ತೀರಿಕೊಂಡ ಮಗನನ್ನು ಲೆಕ್ಕಕ್ಕೆ ತರುವುದಿಲ್ಲ. ಕನ್ನಡ ದಿನಪತ್ರಿಕೆಗಳಿಗೆ ಜಿಲ್ಲಾವಾರು ಆವೃತ್ತಿಗಳಿರುವುದರಿಂದ ಧಾರವಾಡದ ಆವೃತ್ತಿಯಲ್ಲಿ ಬಂದ ಸುದ್ದಿ ಮೈಸೂರಿನ ಆವೃತ್ತಿಯಲ್ಲಿ ಸಿಗದಿರಬಹುದು. ಆದರೂ ಶಿವಗಣಾರಾಧನೆ, ವೈಕುಂಠ ಸಮಾರಾಧನೆಗಳ ಆಹ್ವಾನ ಸಂಪ್ರದಾಯವನ್ನೂ ಸ್ಥಳವನ್ನೂ ಸೂಚಿಸುವುದರಿಂದ ಅದನ್ನು ಕಡೆಗಣಿಸಲಾಗದು.

ನೋಂದಣಿ ಇಲ್ಲದ ಕಾಲದ ಸಾವುಗಳಿಗೆ ಆಧಾರವೇ ಇಲ್ಲವೆಂಬ ನಿರಾಶೆಗೂ ಕಾರಣವಿಲ್ಲ. ಮನೆಮನೆಗೆ ಬಂದು ಒಕ್ಕಲು ಕುಟುಂಬಗಳ ವಂಶಾವಳಿಯನ್ನು ಹೇಳುವ ಹೆಳವರ ಪರಂಪರೆಯಿದೆ, ಚರ್ಚುಗಳ ಸಮಾಧಿ ಪುಸ್ತಕಗಳಿವೆ, ಎಲ್ಲಕ್ಕಿಂತ ಮಿಗಿಲಾಗಿ ವರ್ಷವರ್ಷವೂ ಶ್ರಾದ್ಧದ ಮೂಲಕ ಮನೆಯಲ್ಲಿ ಉಳಿದುಬಂದ ತಿಥಿಯಿದೆ. ತಿಥಿಯೊಡನೆ ಹೇಳುವ ಸಂವತ್ಸರದ ಹೆಸರು 60 ವರ್ಷಗಳಿಗೊಮ್ಮೆ ಮರಳುತ್ತದೆ ಎಂಬ ಎಚ್ಚರ ಮಾತ್ರ ಅಗತ್ಯ: ಧಾತು ಸಂವತ್ಸರವೆಂದರೆ ಮೈಸೂರು ಸೀಮೆಯನ್ನು ಬರ ಸುಟ್ಟ 1876–77 ಆಗಿರಬಹುದು, 1936–37 ಕೂಡ ಆಗಿರಬಹುದು. ತಿಥಿಯ ಜೊತೆಗೆ ವಾರವೂ ನೆನಪಿನಲ್ಲಿ ಉಳಿದಿದ್ದರೆ ಎರಡೂ ವರ್ಷಗಳ ಪಂಚಾಂಗವನ್ನು ತಾಳೆ ನೋಡಿ, ತಿಥಿ ಮತ್ತು ವಾರ ಯಾವುದರಲ್ಲಿ ಕೂಡುತ್ತವೆಯೋ ಆ ವರ್ಷದ ತಾರೀಖನ್ನು ಗುರುತಿಸಿಕೊಳ್ಳಬಹುದು. ಎರಡರಲ್ಲಿಯೂ ಕೂಡಿದರೆ ಮಕ್ಕಳ ವಯಸ್ಸು, ಜಮೀನಿನ ಕಡತ ಮೊದಲಾದ ಬೇರೆ ಆಧಾರಗಳಿಂದ ನಿರ್ಧರಿಸಬೇಕಾಗುತ್ತದೆ.