ಯೆಹೂದ್ಯರ ಮನೆಯ ಧರ್ಮದ ಡಬ್ಬಿ

ಯೆಹೂದ್ಯರ ಹೀಬ್ರೂ ಭಾಷೆಯಲ್ಲಿ ದಾನಕ್ಕೆ ‘ತ್ಸೆದಾಕಾ’ ಎಂದು ಹೆಸರು. ನ್ಯಾಯವೆಂಬ ಅರ್ಥವುಳ್ಳ ‘ತ್ಸೆದೆಕ್’ ಎಂಬ ಶಬ್ದಕ್ಕೆ ಇದು ಬಂಧು. ಬಡವನಿಗೆ ಕೊಡುವುದು ಔದಾರ್ಯವಲ್ಲ, ಸಲ್ಲಿಸಬೇಕಾದ ಬಾಕಿ ಎಂಬ ಭಾವವು ಈ ಹೆಸರಿನಲ್ಲಿಯೇ ಅಡಗಿರುವುದು. ‘ಧರ್ಮ ಮಾಡಿ ತಾಯೀ’ ಎಂಬ ಕೂಗನ್ನು ಬಾಗಿಲಲ್ಲಿ ಕೇಳಿ ಬಲ್ಲ ನಮ್ಮ ವಾಚಕರಿಗೆ ಇದು ತೀರ ಹೊಸದಾಗಿ ತೋರಲಾರದು. ಈ ಭಾವವನ್ನು ಯೆಹೂದ್ಯರು ಒಂದು ಚಿಕ್ಕ ಡಬ್ಬಿಯ ಮೂಲಕ ಮನೆಮನೆಯ ಆಚಾರವನ್ನಾಗಿ ಮಾಡಿಕೊಂಡ ಬಗೆಯನ್ನು ನಾವಿಲ್ಲಿ ಹೇಳುವೆವು.

ಪೋಲೆಂಡ್, ಲಿಥುವೇನಿಯಾ ಮುಂತಾದ ಪೂರ್ವ ಯೂರೋಪಿನ ದೇಶಗಳ ಯೆಹೂದ್ಯರು ಇದನ್ನು ‘ಪುಷ್ಕೆ’ ಎಂದು ಕರೆದರು. ಮುಚ್ಚಳದಲ್ಲಿ ನಾಣ್ಯ ತೂರುವಷ್ಟು ಸೀಳುಳ್ಳ ತಗಡಿನ ಡಬ್ಬಿಯದು. ಅನೇಕ ಮನೆಗಳಲ್ಲಿ ಅಡಿಗೆಮನೆಯೇ ಅದರ ಸ್ಥಾನ. ಯೆಹೂದ್ಯರ ವಿಶ್ರಾಂತಿದಿನವಾದ ಸಬ್ಬತ್ತು ಶುಕ್ರವಾರದ ಸಂಜೆ ಆರಂಭವಾಗುವುದು. ಆ ದಿನ ಹಣವನ್ನು ಮುಟ್ಟಲಾಗದು. ಆದುದರಿಂದ ಗೃಹಿಣಿಯು ದೀಪ ಹಚ್ಚುವುದಕ್ಕೆ ಮೊದಲು ಡಬ್ಬಿಯಲ್ಲಿ ಕಾಸು ಹಾಕುವಳು. ಮಕ್ಕಳ ಕೈಯಿಂದಲೂ ಹಾಕಿಸುವಳು.

ಇಂತಹ ಪೆಟ್ಟಿಗೆಯ ಮಾತು ಬಹು ಹಳೆಯದು. ಯೋವಾಷನೆಂಬ ಅರಸನ ಕಾಲದಲ್ಲಿ ಯೆರೂಸಲೇಮಿನ ದೇವಾಲಯದ ಜೀರ್ಣೋದ್ಧಾರಕ್ಕಾಗಿ ಯೆಹೋಯಾದನೆಂಬ ಯಾಜಕನು ಪೆಟ್ಟಿಗೆಯೊಂದರ ಮುಚ್ಚಳಕ್ಕೆ ರಂಧ್ರ ಕೊರೆಯಿಸಿ ಬಲಿಪೀಠದ ಬಳಿ ಇಡಿಸಿದನೆಂದು ಬೈಬಲ್ಲಿನಲ್ಲಿ ಉಂಟು. ಅದೇ ದೇವಾಲಯದಲ್ಲಿ ‘ಗುಪ್ತಕೋಣೆ’ಯೊಂದು ಇದ್ದಿತೆಂದು ಮಿಷ್ನಾ ಗ್ರಂಥವು ಹೇಳುವುದು. ಧರ್ಮಭೀರುಗಳು ಅದರೊಳಗೆ ಗುಟ್ಟಾಗಿ ಹಣವಿಡುವರು. ಸತ್ಕುಲದ ಬಡವರು ಗುಟ್ಟಾಗಿಯೇ ಪೋಷಣೆ ಪಡೆಯುವರು. ಕೊಟ್ಟವನಾರೋ ಪಡೆದವನು ಅರಿಯನು. ಪಡೆದವನ ಮುಖ ಕೊಟ್ಟವನಿಗೆ ಕಾಣದು. ಮಾನವಂತನಾದ ಬಡವನಿಗೆ ಇದಕ್ಕಿಂತ ದೊಡ್ಡ ಉಪಕಾರವುಂಟೇ?

ಊರಿನ ಸಾಮಾನ್ಯ ನಿಧಿಗೆ ‘ಕುಪ್ಪಾ’ ಎಂದು ಹೆಸರು. ಅದನ್ನು ಸಂಗ್ರಹಿಸಲು ಇಬ್ಬರು, ಹಂಚಲು ಮೂವರು ಬೇಕೆಂಬುದು ತಾಲ್ಮುದ್ ಗ್ರಂಥದ ನಿಯಮ. ಹಣದ ವ್ಯಾಜ್ಯವನ್ನು ಮೂವರು ನ್ಯಾಯಾಧೀಶರು ತೀರ್ಮಾನಿಸುವಂತೆ, ಯಾರಿಗೆ ಎಷ್ಟು ಸಲ್ಲಬೇಕೆಂಬುದನ್ನೂ ಮೂವರೇ ನಿರ್ಣಯಿಸಬೇಕು. ಇನ್ನೊಂದು ವಿಶೇಷವುಂಟು: ದಾನದಿಂದ ಜೀವಿಸುವ ಬಡವನೂ ತನಗೆ ಬಂದುದರಲ್ಲಿ ಸ್ವಲ್ಪವನ್ನು ದಾನಮಾಡಬೇಕು. ಹೀಗೆ ಕೊಡುವ ಗೌರವದಿಂದ ಯಾರೂ ಹೊರಗುಳಿಯುವುದಿಲ್ಲ.

ಒಂದೇ ಮನೆಯಲ್ಲಿ ಹಲವು ಡಬ್ಬಿಗಳಿರುವುದೂ ಉಂಟು. ಅನಾಥರಿಗೆ, ಬಡಕನ್ಯೆಯರ ವಿವಾಹಕ್ಕೆ, ಶವಸಂಸ್ಕಾರಕ್ಕೆ, ವಿದ್ಯಾರ್ಥಿಗಳಿಗೆ ಎಂದು ಹಣ ಬೇರೆಬೇರೆಯಾಗಿ ಕೂಡುವುದು. ಗೋಡೆಯ ಮೇಲಿನ ಡಬ್ಬಿಗಳನ್ನು ನೋಡಿದರೆ ಆ ಸಮಾಜದ ಕಷ್ಟಸುಖಗಳೆಲ್ಲ ತಿಳಿಯುವುವು. 1939ರಿಂದ 1945ರ ವರೆಗಿನ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. ಪೂರ್ವ ಯೂರೋಪಿನಲ್ಲಿ ಎಷ್ಟೋ ಊರುಗಳ ಯೆಹೂದ್ಯ ಸಮಾಜವೇ ನಿರ್ಮೂಲವಾಯಿತು. ಅಲ್ಲಿ ಡಬ್ಬಿಗೆ ಕಾಸು ಹಾಕುವ ಕೈಯೂ ಉಳಿಯಲಿಲ್ಲ, ಅದನ್ನು ಪಡೆಯುವ ಕೈಯೂ ಉಳಿಯಲಿಲ್ಲ. ಆದರೂ ಆಚಾರವು ಅಳಿಯಲಿಲ್ಲ. ಇಂದಿಗೂ ನಾನಾ ದೇಶಗಳ ಯೆಹೂದ್ಯರ ಮನೆಗಳಲ್ಲಿ ಅದು ನಡೆದುಬರುತ್ತಲಿದೆ.

1204ರಲ್ಲಿ ಕಾಲವಾದ ಮೈಮೊನಿಡಿಸನೆಂಬ ಯೆಹೂದ್ಯ ಪಂಡಿತನು ದಾನದಲ್ಲಿ 8 ಮೆಟ್ಟಿಲುಗಳನ್ನು ಹೇಳಿರುವನು. ಬಡವನು ಮತ್ತೆ ಕೈಯೊಡ್ಡದಂತೆ ಅವನಿಗೆ ಉದ್ಯೋಗವನ್ನೋ ಬಂಡವಾಳವನ್ನೋ ಒದಗಿಸುವುದು ಎಲ್ಲಕ್ಕೂ ಮೇಲಿನದು. ಸಾವಿರ ನಾಣ್ಯಗಳನ್ನು ಒಮ್ಮೆಗೇ ಕೊಡುವುದಕ್ಕಿಂತ ಒಂದೊಂದಾಗಿ ಸಾವಿರ ಸಲ ಕೊಡುವುದರಿಂದ ಮನಸ್ಸು ಹೆಚ್ಚು ಹದಗೊಳ್ಳುವುದೆಂಬುದೂ ಆತನ ಮತವೇ. ಅಡಿಗೆಮನೆಯ ತಗಡಿನ ಡಬ್ಬಿಯ ತತ್ತ್ವವೂ ಇದೇ ಎಂದು ನಮಗೆ ತೋರುವುದು. ಸಿರಿವಂತನಾದ ಮೇಲೆ ಕೊಡೋಣವೆಂದು ಅದು ಯಾರನ್ನೂ ಕಾಯಗೊಡದು. ಈ ವಾರದ ಒಂದು ಕಾಸನ್ನು ಈ ವಾರವೇ ಕೇಳುವುದು.