ರಟ್ಟಿನ ಪೆಟ್ಟಿಗೆಯೂ ಅಗ್ಗದ ಭೂಮಿಯೂ

ಹಿಂದೂಪುರದ ಬೆಲ್ಲದ ಮಂಡಿಯಲ್ಲಿಯೋ ಹುಣಸೆಹಣ್ಣಿನ ಅಂಗಡಿಸಾಲಿನಲ್ಲಿಯೋ ಸ್ವಲ್ಪ ಹೊತ್ತು ನಿಂತವರಿಗೆ ತೆಲುಗೂ ಕನ್ನಡವೂ ಒಂದೇ ಬಾಯಲ್ಲಿ ಬೆರೆತು ಬರುವುದು ಕಿವಿಗೆ ಬೀಳುತ್ತದೆ. ಕೈಯಲ್ಲಿ ನಾಲ್ಕು ಕಾಸು ಕೂಡಿದ ಗೃಹಸ್ಥರು ಸೇರಿದೆಡೆಯಲ್ಲಿ, ಎರಡು ಭಾಷೆಯಲ್ಲಿಯೂ ಒಂದೇ ಅಭಿಪ್ರಾಯ ಹೊರಡುವುದುಂಟು: ಪ್ಯಾಕಿಂಗ್ ಸಾಮಾನಿನ ಕಾರ್ಖಾನೆಗೆ ನಷ್ಟವೆಂಬುದಿಲ್ಲ, ಭೂಮಿ ಎಲ್ಲಿ ಅಗ್ಗವೋ ಅಲ್ಲಿ ಕಟ್ಟಿದರಾಯಿತು, ಹಿಂದೂಪುರಕ್ಕಿಂತ ಕಲ್ಯಾಣದುರ್ಗವೇ ಮೇಲು. ಈ ಮಾತಿನ ಮೊದಲರ್ಧ ಉತ್ಸಾಹದಿಂದ ಹುಟ್ಟಿದ್ದು, ಅದನ್ನು ಕ್ಷಮಿಸಬಹುದು. ಉತ್ತರಾರ್ಧವಾದರೋ ಪೆಟ್ಟಿಗೆಯೆಂಬ ವಸ್ತುವಿನ ಸ್ವರೂಪವನ್ನೇ ಅರಿಯದೆ ಆಡಿದ್ದು.

ರಟ್ಟಿನ ಪೆಟ್ಟಿಗೆ ಎಂಬುದು ಬಹುಭಾಗ ಗಾಳಿ. ಕಾರ್ಖಾನೆಗೆ ಬರುವ ಕ್ರಾಫ್ಟ್ ಕಾಗದದ ರೀಲು ಬಿಗಿಯಾಗಿ ಸುತ್ತಿದ ಘನವಸ್ತು; ಲಾರಿಯ ಭಾರಮಿತಿ ತುಂಬುವವರೆಗೆ ಅದನ್ನು ಹೇರಬಹುದಾದುದರಿಂದ ದೂರದಿಂದ ತರಿಸಿದರೂ ಬಾಡಿಗೆ ಸಹ್ಯವಾಗುತ್ತದೆ. ಆದರೆ ಮೂರು ಪದರಗಳ ಕಾಗದದ ಒಟ್ಟು ದಪ್ಪ ಒಂದು ಮಿಲಿಮೀಟರನ್ನು ಮುಟ್ಟದಿದ್ದರೂ, ನಡುವಿನ ಪದರವನ್ನು ಯಂತ್ರದಲ್ಲಿ ಅಲೆಅಲೆಯಾಗಿ ಮಡಿಸಿ ಅಂಟಿಸಿದೊಡನೆ ಅದೇ ಕಾಗದ ಮೂರು ನಾಲ್ಕು ಮಿಲಿಮೀಟರಿನ ರಟ್ಟಾಗುತ್ತದೆ. ಆದಕಾರಣ ಮಡಿಸಿ ಕಟ್ಟಿದ ಪೆಟ್ಟಿಗೆಗಳನ್ನು ಹೇರುವಾಗ ಲಾರಿ ಭಾರದಿಂದ ತುಂಬುವುದಕ್ಕೆ ಬಹಳ ಮೊದಲೇ ಜಾಗದಿಂದ ತುಂಬಿಬಿಡುತ್ತದೆ, ಮತ್ತು ಮಾಲಿಕನು ಬಾಡಿಗೆ ಕೊಟ್ಟು ಸಾಗಿಸತಕ್ಕದ್ದು ಹೆಚ್ಚಾಗಿ ಗಾಳಿಯನ್ನೇ. ಕಾಗದದ ಗಿರಣಿ ದೂರವಿರಬಹುದು, ಪೆಟ್ಟಿಗೆ ಕೊಳ್ಳುವವನು ದೂರವಿರಲಾಗದು.

ಈ ತಕ್ಕಡಿಯಲ್ಲಿಟ್ಟು ನೋಡಿದರೆ ಎರಡು ಊರುಗಳ ಅಂತರ ಸ್ಪಷ್ಟವಾಗುತ್ತದೆ. ಹಿಂದೂಪುರದಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರು. ಪಕ್ಕದಲ್ಲಿಯೇ ತೂಮುಕುಂಟೆ, ಗೊಲ್ಲಾಪುರಗಳ ಕೈಗಾರಿಕಾ ಪ್ರದೇಶಗಳು, ಗಡಿಯಾಚೆ ಕರ್ನಾಟಕದ ಗೌರಿಬಿದನೂರು, ದೊಡ್ಡಬಳ್ಳಾಪುರ. ಪೆನುಕೊಂಡೆಯ ಬಳಿ 2019ರಲ್ಲಿ ಉತ್ಪಾದನೆ ಆರಂಭಿಸಿದ ಕಿಯಾ ಕಾರು ಕಾರ್ಖಾನೆ. ಕಲ್ಯಾಣದುರ್ಗದಿಂದ ಬೆಂಗಳೂರು ಸುಮಾರು ಇಮ್ಮಡಿ ದೂರ. ಎರಡೂ ಒಂದೇ ಅನಂತಪುರ ಜಿಲ್ಲೆಯ ಊರುಗಳೆಂದು ಹೇಳುವ ವಾಡಿಕೆಯೂ ಈಗ ಸಲ್ಲದು. 2022ರ ಏಪ್ರಿಲ್ 4ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ; ಅರ್ಜಿ ಹಿಡಿದು ಅನಂತಪುರಕ್ಕೆ ಹೋದವನು ಪುಟ್ಟಪರ್ತಿಗೆ ತಿರುಗಬೇಕಾದೀತು.

ಇನ್ನೊಂದು ನಂಬಿಕೆ ಹೆಚ್ಚು ಬುದ್ಧಿವಂತಿಕೆಯದಾಗಿ ತೋರುತ್ತದೆ. ಕಾಗದಕ್ಕೆ ತೇವವೇ ಶತ್ರು, ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರಿನಷ್ಟೇ ಮಳೆ, ಆದುದರಿಂದ ಇದೇ ರಟ್ಟಿಗೆ ಪ್ರಶಸ್ತವಾದ ನೆಲವೆಂದು ತರ್ಕಿಸುತ್ತಾರೆ. ಅರ್ಧ ಸತ್ಯ. ಕಾಗದದ ನಾರಿಗೆ ಮೆದುತನ ಕೊಡುವುದೂ ತೇವವೇ. ನೂರಕ್ಕೆ ಏಳೆಂಟು ಪಾಲಿನಷ್ಟು ತೇವಾಂಶ ಉಳಿದಿದ್ದರೆ ರಟ್ಟು ಗೆರೆಯ ಮೇಲೆ ಅಂದವಾಗಿ ಮಡಿಯುತ್ತದೆ. ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ಅದು ಇಳಿದುಹೋದಾಗ ಮಡಿಕೆಯಲ್ಲಿ ಬಿರಿಯುತ್ತದೆ, ಹಾಳೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಅಲ್ಲದೆ ಪೆಟ್ಟಿಗೆ ಕಲ್ಯಾಣದುರ್ಗದಲ್ಲಿ ಹುಟ್ಟಿದರೂ ಕೊಂಡವನ ಸರಕು ತುಂಬಿಕೊಂಡು ಬಾಳುವುದು ಬೇರೆಡೆ: ಮಳೆಗಾಲದ ಮುಂಬಯಿಯ ಗೋದಾಮಿನಲ್ಲಿ, ಚೆನ್ನೈನ ಬಂದರಿನಲ್ಲಿ. ಅಲ್ಲಿಯ ತೇವಕ್ಕೆ ಅದು ಮೇಲಿನ ಭಾರ ಹೊರುವ ಶಕ್ತಿಯಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳಬಲ್ಲುದು. ಕಾಗದದ ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಎಷ್ಟಿರಬೇಕು, ಮೂರು ಪ್ಲೈ, ಎಂದರೆ ಪದರ, ಸಾಕೋ ಐದು ಬೇಕೋ ಎಂಬುದನ್ನು ನಿಶ್ಚಯಿಸತಕ್ಕದ್ದು ತಲಪುವ ಊರಿನ ಹವೆ. ಇನ್ನು ಈ ಸೀಮೆಯ ಕೊಳವೆಬಾವಿಯ ಗಡಸು ನೀರನ್ನು ಹಾಗೆಯೇ ರಟ್ಟಿನ ಯಂತ್ರಕ್ಕೆ ಹಬೆ ಕೊಡುವ ಬಾಯ್ಲರಿಗೆ ಬಿಟ್ಟರೆ ಕೊಳವೆಗಳಲ್ಲಿ ಸುಣ್ಣ ಕಟ್ಟುವುದು ಖಂಡಿತ. ನೀರು ಮೆದುಮಾಡುವ ಯಂತ್ರದ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಬರೆದಿಡಬೇಕು.

ಗಡಿ ದಾಟಿ ಮಾರಿದರೆ ಎರಡು ತೆರಿಗೆ ಬೀಳುವುದೆಂಬ ಭಯ ಹಳೆಯ ಚೆಕ್‌ಪೋಸ್ಟುಗಳ ಕಾಲದ ಅವಶೇಷ. 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಯಲ್ಲಿದ್ದು, ನೋಂದಣಿಯಿರುವ ಕರ್ನಾಟಕದ ಗಿರಾಕಿ ಕೊಟ್ಟ ತೆರಿಗೆ ಅವನ ಲೆಕ್ಕಕ್ಕೆ ಜಮೆಯಾಗುತ್ತದೆ. ನಿಜವಾದ ತೊಡಕು ಬೇರೆ ಇದೆ. 2025ರ ಸೆಪ್ಟೆಂಬರ್ 22ರಿಂದ ರಟ್ಟಿನ ಪೆಟ್ಟಿಗೆಯ ಮೇಲಿನ ದರ ಶೇಕಡಾ 5ಕ್ಕೆ ಇಳಿದು, ಕ್ರಾಫ್ಟ್ ಕಾಗದದ ದರ ಶೇಕಡಾ 18ಕ್ಕೆ ಏರಿತು. ಕೊಳ್ಳುವಾಗ ಹೆಚ್ಚು ಕೊಟ್ಟು ಮಾರುವಾಗ ಕಡಮೆ ಪಡೆಯುವ ಈ ವ್ಯತ್ಯಾಸ ಮರುಪಾವತಿಗಾಗಿ ಕಾಯುತ್ತಾ ಕೂರುವುದರಿಂದ, ದುಡಿಯುವ ಬಂಡವಾಳವನ್ನು ಅಷ್ಟರಮಟ್ಟಿಗೆ ಹೆಚ್ಚಾಗಿ ಇಟ್ಟುಕೊಳ್ಳಬೇಕು. ಸರ್ಕಾರದ ಪ್ರೋತ್ಸಾಹಧನವನ್ನು ಬಂಡವಾಳವೆಂದೇ ಎಣಿಸುವವರೂ ಇದ್ದಾರೆ. ಅದು ಸಾಮಾನ್ಯವಾಗಿ ಕೈಸೇರುವುದು ಉತ್ಪಾದನೆ ಆರಂಭವಾದ ಮೇಲೆ. ಉದ್ಯಮ್ ನೋಂದಣಿ ಪತ್ರವೂ ಪರವಾನಗಿಯಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನು ಕಟ್ಟಡಕ್ಕೆ ಮೊದಲೇ ಪಡೆಯುವುದು ಕ್ಷೇಮ.

ಪ್ಲಾಸ್ಟಿಕ್ ನಿಷೇಧವಾಯಿತು, ಇನ್ನು ರಟ್ಟಿಗೆ ಎದುರಾಳಿಯಿಲ್ಲ ಎಂಬ ಮಾತಂತೂ ಬರಿಯ ಆಸೆ. 2022ರ ಜುಲೈ 1ರಂದು ನಿಷಿದ್ಧವಾದುವು ಪಟ್ಟಿಯಲ್ಲಿ ಹೆಸರಿಸಿದ, ಒಮ್ಮೆ ಬಳಸಿ ಬಿಸಾಡುವ ಕೆಲವು ವಸ್ತುಗಳು ಮಾತ್ರ. ಹಾಲಿನ ಚೀಲ ಇಂದಿಗೂ ಪ್ಲಾಸ್ಟಿಕ್ಕಿನದೇ.

ಇಷ್ಟರಿಂದ ಕಲ್ಯಾಣದುರ್ಗವನ್ನು ತಳ್ಳಿಹಾಕಿದೆನೆಂದು ಭಾವಿಸಬಾರದು. ಆ ಸುತ್ತಿನ ಚೀನಿ (ಮೂಸಂಬಿ), ದಾಳಿಂಬೆ ತೋಟಗಳಿಗೂ ಸಮೀಪದ ರಾಯದುರ್ಗದ ಜೀನ್ಸ್ ಹೊಲಿಗೆಯವರಿಗೂ ಪೆಟ್ಟಿಗೆ ಬೇಕೇ ಬೇಕು, ಮತ್ತು ಅವರಿಗೆ ಹಿಂದೂಪುರವೇ ದೂರ. ಹಣ್ಣಿನ ಬೇಡಿಕೆ ಸುಗ್ಗಿಯಲ್ಲಿ ಉಕ್ಕಿ ಉಳಿದ ತಿಂಗಳುಗಳಲ್ಲಿ ಬತ್ತುವುದರಿಂದ ಅಲ್ಲಿ ಚಿಕ್ಕ ಘಟಕ ಸಾಕು; ದೊಡ್ಡ ಯಂತ್ರ ಹಿಂದೂಪುರಕ್ಕೇ ಸರಿ ಎಂಬುದು ನನ್ನ ಅಭಿಮತ. ಒಪ್ಪದವರು ನಿವೇಶನಕ್ಕೆ ಮುಂಗಡ ಕೊಡುವ ಮುನ್ನ, ಪೆಟ್ಟಿಗೆ ಕೊಳ್ಳಲಿರುವ ಹತ್ತು ಮಂದಿಯ ಹೆಸರನ್ನೂ ಅವರವರ ಗೋದಾಮಿನ ದೂರವನ್ನೂ ಒಂದು ಹಾಳೆಯಲ್ಲಿ ಬರೆದು, ಬ್ಯಾಂಕಿನವರಿಗಿಂತ ಮೊದಲು ಯಾರಾದರೂ ಲಾರಿ ಮಾಲಿಕರಿಗೆ ತೋರಿಸಲಿ.